ಒಳಗೆ ಬಿಟ್ಟ ಬಟ್ಟೆ

ಮಂಜುಗಡ್ಡೆಯ ಮೇಲೆ ಹಲಗೆ ಹಾಸಿದ್ದಾರೆ.
ನಿನ್ನೆವರೆಗೆ ಹುಡುಗರು ಐಸ್ ಹಾಕಿ ಆಡಿದ ಅಂಗಳ;
ಇವತ್ತಿನಿಂದ ಮೂರು ದಿನ ಅನಿಮೆ ಹುಚ್ಚಿನವರದು.
ಮೇಲೆ ಜಪಾನಿನ ಕಾಗದದ ದೀಪ, ಕೆಳಗೆ ಅದೇ ಚಳಿ,
ಎರಡು ಜೊತೆ ಕಾಲುಚೀಲ ದಾಟಿ ಹಿಮ್ಮಡಿಗೆ ಬರುತ್ತದೆ.
ಪ್ಲಗ್ಗು ಇರುವ ಒಂದೇ ಒಂದು ಕಂಬದ ಬುಡದಲ್ಲಿ
ನನ್ನ ಮೇಜು.
"ಹರಿದದ್ದು, ಮುರಿದದ್ದು, ಕಳಚಿದ್ದು: ಪುಕ್ಕಟೆ"
ಬೋರ್ಡು ಬರೆದವಳು ಮೊಮ್ಮಗಳ ಗೆಳತಿ.
ಹನ್ನೆರಡು ವರ್ಷದ ಹಿಂದೆ
"ಇದೊಂದು ಸಲ, ಅಜ್ಜಿ" ಅಂದವಳೂ ಅವಳೇ.

ನಾನು ಹೊಲಿದದ್ದು ಮೀನುಗಾರರ ಎಣ್ಣೆಬಟ್ಟೆ.
ಇಪ್ಪತ್ತಾರು ವರ್ಷ. ಹಳದಿ ಬಿಟ್ಟರೆ ಕಪ್ಪು.
ಕಾಡ್ ಮೀನು ಮುಗಿಯಿತು, ಸೇಂಟ್ ಜಾನ್ಸ್‌ನ ಕಾರ್ಖಾನೆಗೆ ಬೀಗ ಬಿತ್ತು,
ಬೆರಳುಗಳಿಗೆ ಮಾತ್ರ ಯಾರೂ ಹೇಳಲಿಲ್ಲ.

ಇವರ ಕಥೆಗಳು ನನಗೆ ತಿಳಿಯವು.
ಯಾರು ರಾಜಕುಮಾರ, ಯಾರು ದೆವ್ವ, ಯಾರು ಬೆಕ್ಕು,
ಕೇಳುವುದಿಲ್ಲ. ಹೇಳಲು ಶುರುಮಾಡಿದರೆ ಸಂಜೆಯಾಗುತ್ತದೆ.
ನನಗೆ ಬೇಕಾದ್ದು ಇಷ್ಟು: ಎಲ್ಲಿ ಎಳೆಯುತ್ತಿದೆ?
ರೆಕ್ಕೆಯ ಹುಡುಗಿಗೆ ಭುಜದಲ್ಲಿ.
ಬಾಗಿಲಿಗಿಂತ ಉದ್ದದ ಕತ್ತಿ ತಂದವನಿಗೆ, ಪಾಪ, ಬಾಗಿಲಲ್ಲೇ.
ಅಂಟು ಒಣಗುವವರೆಗೆ ಬೀಸಬೇಡ ಮಗಾ.
ನೀಲಿ ಕೂದಲಿನವನೊಬ್ಬ ಬಂದು ಸುಮ್ಮನೆ ಕೂತ.
ಏನು ಹರಿದಿದೆ ಅಂದೆ. ಏನಿಲ್ಲ, ಒಳಗೆ ಗಲಾಟೆ ಜಾಸ್ತಿ ಅಂದ.
ಗುಂಡಿಯ ಡಬ್ಬಿ ಕೊಟ್ಟೆ, ಬಣ್ಣ ಬೇರೆ ಮಾಡು ಅಂತ.
ಮುಕ್ಕಾಲು ಗಂಟೆ ಮಾಡಿದ.

ಗಾರ್ಲೆಂಡ್ ನೋಸ್‌ವರ್ದಿ ಬರುವುದು ಶನಿವಾರ, ಊಟಕ್ಕೆ ಮುಂಚೆ.
ಉಳಿದ ದಿನ ಊರಿನ ಹಿಮ ಗುಡಿಸುವ ಲಾರಿ ಓಡಿಸುತ್ತಾನೆ;
ಇಲ್ಲಿ ಕೆಂಪು ನಿಲುವಂಗಿಯ ಸೇನಾಪತಿ,
ಎದೆಗೆ ಹನ್ನೊಂದು ಹಿತ್ತಾಳೆ ಗುಂಡಿ,
ಇಪ್ಪತ್ತರಲ್ಲಿ ತಾನೇ ಹೊಲಿದುಕೊಂಡದ್ದು, ಅಡ್ಡಾದಿಡ್ಡಿ.
ವರ್ಷ ವರ್ಷ ಅದೇ ಮಾತು:
"ಮಿಸೆಸ್ ಸ್ನೆಲ್‌ಗ್ರೋವ್, ಬಟ್ಟೆ ಚಿಕ್ಕದಾಗಿದೆ."
"ಬಟ್ಟೆ ಇದ್ದಷ್ಟೇ ಇದೆ. ನೀನು ಗುಂಡುಕಲ್ಲು."
ಒಂದು ವರ್ಷ ಅರ್ಧ ಇಂಚು. ಮದುವೆಯ ಮರುವರ್ಷ ಒಂದೂವರೆ.
ಮಗಳು ಹುಟ್ಟಿದಾಗ, ನಿದ್ದೆಗೆಟ್ಟು, ಏನೂ ಇಲ್ಲ.
ಬಿಡಿಸಲು ಪಕ್ಕದಲ್ಲಿ ಬಟ್ಟೆಯೇ ಉಳಿಯದಾದಾಗ
ಪಟ್ಟಿ ಕೂಡಿಸಿದೆ, ನಮ್ಮನೆಯ ಹಳೆ ಪರದೆಯದು,
ಕೆಂಪೇ, ಆದರೆ ಬೇರೆ ಕೆಂಪು.
ತೋಳೆತ್ತಿದರೆ ಕಾಣುತ್ತದೆ. ಅವನೋ, ತೋಳು ಇಳಿಸುವವನಲ್ಲ.

ಈ ಸಲ ಬಂದದ್ದು ಭಾನುವಾರ.
ಮುಚ್ಚುವ ಹೊತ್ತು. ಮಿಷನ್ನಿಗೆ ಮುಸುಕು ಹಾಕಿದ್ದೆ.
ನಿಲುವಂಗಿಯೊಳಗೆ ಅವನು ಎಲ್ಲೋ ಇದ್ದ.
ಭುಜದ ಹೊಲಿಗೆ ಮೊಣಕೈ ಹತ್ತಿರ ಜಾರಿತ್ತು,
ವಿಗ್ಗಿನಡಿ ಹುಬ್ಬು ಇರಲಿಲ್ಲ.
"ಬಟ್ಟೆ ದೊಡ್ಡದಾಗಿದೆ" ಅಂದ.
ಗುಂಡುಕಲ್ಲಿನ ಮಾತು ಬಾಯಿಗೆ ಬಂದದ್ದನ್ನು
ಗುಂಡುಸೂಜಿಯ ಜೊತೆ ತುಟಿಯಲ್ಲೇ ಹಿಡಿದೆ.

ಬಿಚ್ಚಿದೆ.
ಮೊದಲು ಪರದೆಯ ಪಟ್ಟಿ. ಆಮೇಲೆ ಅದರ ಹಿಂದಿನ ವರ್ಷ, ಬಿಗಿ;
ಅದರ ಹಿಂದಿನದು ನನ್ನ ಕಣ್ಣಿಗೆ ಪೊರೆ ಬಂದಾಗಿನದು, ಸೊಟ್ಟ.
ಮದುವೆಯ ಒಂದೂವರೆ ಇಂಚಿಗೆ ಕಂದು ನೂಲು,
ಆ ದಿನ ಕೆಂಪು ಮುಗಿದಿತ್ತು, ನೆನಪಾಯಿತು.
ಹಿಂದೆ, ಇನ್ನೂ ಹಿಂದೆ,
ಕೊನೆಗೆ ಇಪ್ಪತ್ತರ ಹುಡುಗನ ಅಡ್ಡಾದಿಡ್ಡಿ ತೂತುಗಳ ಸಾಲು.
ಟೇಪು ಅಲ್ಲಿಗೂ ನಿಲ್ಲಲಿಲ್ಲ.
ಅದಕ್ಕಿಂತ ಒಂದಿಂಚು ಒಳಗೆ ಸೀಮೆಸುಣ್ಣದ ಗೆರೆ ಎಳೆದೆ.

"ಮಿಕ್ಕದ್ದು ಕತ್ತರಿಸಿದರೆ ಚೆನ್ನಾಗಿ ಕೂರುತ್ತೆ" ಅಂದೆ.
ಸುಳ್ಳಲ್ಲ, ಯಾವ ದರ್ಜಿಯೂ ಹೇಳುವ ಮಾತು.
ಅವನು ಕತ್ತರಿಯನ್ನೇ ನೋಡುತ್ತಿದ್ದ.
ಮಗಳು, ತಲೆಗೆ ರಟ್ಟಿನ ಕೊಂಬು, ಮೇಜಿನಂಚಿಗೆ ಗಲ್ಲ ಊರಿ,
"ಅಪ್ಪ ಮುಂದಿನ ವರ್ಷ ಮತ್ತೆ ದಪ್ಪ ಆಗ್ತಾನಂತೆ" ಅಂದಳು.

ಎರಡೂ ಪಕ್ಕ, ಅಷ್ಟೂ ಬಟ್ಟೆ, ಪರದೆಯ ಪಟ್ಟಿಯೂ ಸೇರಿ
ಮಡಚಿ ಒಳಗಿಟ್ಟು ಕಚ್ಚಾ ಹೊಲಿಗೆ ಓಡಿಸಿದೆ,
ಎಳೆದರೆ ಬರುವಂಥದ್ದು.
ಪಕ್ಕೆಗೆ ಉಬ್ಬಿಕೊಂಡಿತು. ಒತ್ತುತ್ತೇನೋ ಅಂದೆ.
"ಇರಲಿ, ಬೆಚ್ಚಗಿದೆ."
ತೋಳೆತ್ತಿ ತೋರಿಸಿದ.
ಆ ಬೇರೆ ಕೆಂಪು ಕಾಣಲಿಲ್ಲ.

ಹಲಗೆ ಎತ್ತುವವರು ಅಷ್ಟರಲ್ಲಿ
ನನ್ನ ಕಂಬದವರೆಗೆ ಬಂದಿದ್ದರು.