ದರ್ಜೆ

ಶುಕ್ರವಾರ, ಮಾಪ್ಸಾ. ಚೋರಿಸು ಮಾರುವವರ ಸಾಲು ದಾಟಿದರೆ
ಮಡಕೆಗಳ ಪಕ್ಕ ಪ್ರುದೆನ್ಸಿಯೊನ ಮೇಜು.
ಬಂಡವಾಳ ಅವನದು, ಕಣ್ಣು ನನ್ನದು.
ಕಣ್ಣಿಗಿಂತ ಮೊದಲು ಹೆಬ್ಬೆರಳು ಅನ್ನಬೇಕು:
ಮೂವತ್ತೊಂದು ವರ್ಷ ಕದಂಬ ಬಸ್ಸಿನ ಕಂಡಕ್ಟರ್,
ದೀಪ ಕೆಟ್ಟ ಬಸ್ಸಿನಲ್ಲಿ ನಾಲ್ಕಾಣೆ ಎಂಟಾಣೆಗಳನ್ನು
ಚೀಲದೊಳಗೇ ಬೇರೆ ಮಾಡಿದ ಹೆಬ್ಬೆರಳು.

ಅಂಚು ಹಿಡಿ, ಮುಖ ಮುಟ್ಟಬೇಡ:
ಇಲ್ಲಿಯ ಮೊದಲ ಪಾಠ.
ಜೀವಮಾನವೆಲ್ಲ ಮುಖ ತಿಕ್ಕಿಯೇ ಎಣಿಸಿದವನಿಗೆ
ಕಷ್ಟವಾಯಿತು.

ಬೆಳಕು ಓರೆಯಾಗಿ ಬೀಳಬೇಕು.
ನೆತ್ತಿಯ ಬಿಸಿಲು ಸುಳ್ಳು ಹೇಳುತ್ತದೆ;
ತಾಡಪಾಲಿನ ಸಂದಿಯಿಂದ ಬಂದ ಒಂಬತ್ತು ಗಂಟೆಯ ಬಿಸಿಲು
ಇದ್ದದ್ದು ಇದ್ದ ಹಾಗೆ ಹೇಳುತ್ತದೆ.
ಮೊದಲು ಸವೆಯುವುದು ಎತ್ತರದಲ್ಲಿದ್ದದ್ದು:
ರಾಜನ ಕೆನ್ನೆ, ಕಿವಿಯ ಮೇಲಿನ ಕೂದಲು, ಮೀಸೆಯ ತುದಿ.
ತಗ್ಗಿನ ಅಕ್ಷರಗಳು ಕಡೆಯವರೆಗೂ ಬದುಕುತ್ತವೆ.
(ಇದರಿಂದ ನೀತಿ ಹಿಂಡಬೇಡಿ. ಕಂಚಿನ ಮಾತು, ಅಷ್ಟೇ.)

ಕೂದಲು ಎಳೆಎಳೆಯಾಗಿ ಕಂಡರೆ ಎಕ್ಸ್‌ಟ್ರಾ ಫೈನ್,
ಅರ್ಧ ಕಂಡರೆ ಫೈನ್,
ನೆರಳಷ್ಟೇ ಉಳಿದು, ಯಾರೋ ಒಬ್ಬ ರಾಜ ಎನ್ನುವಂತಿದ್ದರೆ
ಗುಡ್.
ಅದಕ್ಕಿಂತ ಕೆಳಗಿನದು ಹೆಚ್ಚುಕಮ್ಮಿ ಗುಜರಿ, ಕಿಲೋ ಲೆಕ್ಕ.

ಕಿಲುಬಿನಲ್ಲೂ ಎರಡು ಬಗೆ.
ಕೆರೆಯ ಮೆಟ್ಟಿಲ ಪಾಚಿಯಂಥ ಗಟ್ಟಿ ಹಸಿರು, ಉಗುರಿಗೆ ಬಾರದ್ದು,
ಅದು ವಯಸ್ಸು. ಇರಲಿ ಬಿಡಿ.
ತಿಳಿಹಸಿರು ಪುಡಿ, ಕಡ್ಡಿ ತಾಗಿದರೆ ಉದುರುವಂಥದು,
ಅದು ರೋಗ. ಬೇರೆ ಡಬ್ಬಿ ಬೇಕು.
ಈ ಉಪ್ಪುಗಾಳಿಗೆ ಒಂದು ಮಳೆಗಾಲ ಸಾಕು,
ನೆರೆಯವರನ್ನೆಲ್ಲ ತಿನ್ನುತ್ತದೆ.

ಅಲ್ದೋಣೆಯಿಂದ ಬಂದಾಕೆ, ಎಸ್ಪೆರಾನ್ಸಾ ಅಂತ,
ಕರವಸ್ತ್ರದ ಗಂಟು ಬಿಚ್ಚಿ ಪಾವು ತಾಂಗಾ ಇಟ್ಟಳು.
ಗುಲಾಬಿ ಮೈ, ಈಗಷ್ಟೇ ಮಿಂದ ಕೂಸು.
ಎದೆ ಧಸಕ್ಕೆಂದಿತು.
ಮುರುಗಲು ಸಿಪ್ಪೆ, ಬೂದಿ, ತೆಂಗಿನ ನಾರು:
"ನಿಮಗೆ ತೋರಿಸಬೇಕೆಂದು ಮೂರು ಸಲ ತಿಕ್ಕಿದೆ."
ತಪ್ಪೇನು? ಹಳಿಯಾಳದಲ್ಲಿ ನನ್ನವ್ವ
ಹುಣಸೆಹುಳಿ ಕಾಣದ ತಂಬಿಗೆಯನ್ನು ಹೊರಗೇ ಇಡುತ್ತಿರಲಿಲ್ಲ.

ಇಸವಿಯ ಕೊನೆಯ ಅಂಕಿ ಒಂದಾದರೆ ಒಂದು ಹೊತ್ತಿನ ಮೀನು,
ಮೂರಾದರೆ ಅಡುಗೆಮನೆಗೆ ಹೊಸ ಹಂಚು.
ಮಸೂರ ಹಿಡಿದೆ.
ಮೂರು.
ಸುತ್ತಲೂ ನಾರಿನ ಗೀರು, ಕೂದಲಿನಷ್ಟೇ ಸಣ್ಣವು.
ರಾಜನ ತಲೆ ತುಂಬ ಕೂದಲು,
ಒಂದೂ ಅವನದಲ್ಲ.

ತಿಕ್ಕುವ ಮುಂಚೆ ತಂದಿದ್ದರೆ ಎಂಬುದು ನಾಲಿಗೆಗೆ ಬಂತು, ನುಂಗಿದೆ.
"ಗುಡ್," ಎಂದೆ.
ಆಕೆಯ ಮುಖ ಅರಳಿತು.
ಪ್ರುದೆನ್ಸಿಯೊ ಕೆಮ್ಮಿದ. ಅರ್ಥ ಬಿಡಿಸಿ ಹೇಳಬೇಕಾಯಿತು.
ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕಳು:
"ನನ್ನ ಗಂಡನಿಗೂ ಊರೆಲ್ಲ ಗುಡ್ ಮ್ಯಾನ್ ಅನ್ನುತ್ತಿತ್ತು."

ನನಗೆ ನಗು ಬರಲಿಲ್ಲ.
ಎಂಬತ್ತಾರೋ ಎಂಬತ್ತೇಳೋ, ಪೆಡಣೆಯ ಕಡೆಯ ಬಸ್ಸು, ಜಡಿಮಳೆ,
ಒಬ್ಬ ಮುದುಕ ಟಿಕೆಟಿಗೆ ಕೊಟ್ಟ ನಾಣ್ಯಕ್ಕೆ
ಹೆಬ್ಬೆರಳು ಕೂಡಲೇ ಬೇಡ ಅಂದಿತ್ತು:
ಭಾರ ಬೇರೆ, ಅಂಚು ನುಣುಪು, ನಮ್ಮ ಸರಕಾರದ್ದಲ್ಲ.
ಖೋಟಾ ಎಂದು ಬೈದು
ಕೋಲ್ವಾಳ ಸೇತುವೆಯ ಮೇಲೆ ಕಿಟಕಿಯಾಚೆ ಎಸೆದೆ.
ಅವನು ಮಾತಾಡದೆ ಅಂಗಿಯ ಜೇಬೆಲ್ಲ ತಡಕಿ
ಇನ್ನೊಂದು ಕೊಟ್ಟ.
ಇಸವಿ ನೋಡಲಿಲ್ಲ ನಾನು.

"ಬಣ್ಣ ತಿರುಗಿ ಬರುತ್ತದೆಯೇ?" ಎಸ್ಪೆರಾನ್ಸಾ ಕೇಳಿದಳು.
"ಬರುತ್ತದೆ. ತಿಕ್ಕಬೇಡಿ, ಸುಮ್ಮನೆ ಇಡಿ.
ನಲವತ್ತು ವರ್ಷ ಹಿಡಿಯುತ್ತದೆ."
ಆಕೆಗೆ ಎಪ್ಪತ್ತು ದಾಟಿತ್ತು.
"ಆಗಲಿ," ಎಂದು ಗಂಟು ಬಿಗಿದು
ಚೋರಿಸಿನ ಸಾಲಿಗೆ ಚೌಕಾಸಿಗೆ ಹೋದಳು.