ಕಣ್ಣು ಇಟ್ಟವರು

ಎರಡು ಸಾವಿರ ರೂಪಾಯಿ, ಪಂಚಾಯಿತಿ ಸೀಲಿನ ಚೀಟಿ,
ಚಿತ್ರದುರ್ಗದ ಪುಸ್ತಕದಂಗಡಿ, ಮಟಮಟ ಮಧ್ಯಾಹ್ನ.
ಅಂಗಡಿಯವರು ಮುಂದೆ ಹರಡಿದ್ದು ಎಲ್ಲೆಡೆ ಇರುವುದೇ:
ಬುದ್ಧಿ ಹೇಳುವ ನರಿ, ಜಾಣ ಮಂತ್ರಿ,
ರಾಜನಿಗೆ ಮೂವರು ಮಕ್ಕಳು, ಮೂರನೆಯವನಿಗೆ ರಾಜಕುಮಾರಿ,
ಮಿರಮಿರ ರಟ್ಟು.
“ಇವೇ ಮೇಡಂ ಓಡೋದು.”
ಓಡಿವೆ. ಕೊಂಡ್ಲಹಳ್ಳಿಯ ನನ್ನ ಒಂದೇ ಕೋಣೆಯ ಗ್ರಂಥಾಲಯದಲ್ಲಿ
ಆ ನರಿ ಓಡಿ ಓಡಿ
ಬಾಲವಿದ್ದ ಪುಟವೇ ಉದುರಿಹೋಗಿದೆ.

ಕೆಳಗಿನ ಖಾನೆಗೆ ಬಗ್ಗಿದೆ. ಧೂಳು, ಸತ್ತ ಜಿರಲೆ,
ಅದರ ಪಕ್ಕ ಸಣಬಿನ ದಾರದಲ್ಲಿ ಕಟ್ಟಿಟ್ಟ
ಹದಿನೇಳು ತೆಳ್ಳನೆ ಪುಸ್ತಕ. ಪಿನ್ನಿಗೆ ತುಕ್ಕು,
ಹೊಟ್ಟೆಯಲ್ಲಿ ಕಂದು ಮಚ್ಚೆ.
‘ಕುರಿ ಎಣಿಸಲು ಹೋದ ಕತ್ತಲೆ.’
ಬರೆದವರು ಬೋರಕ್ಕ ನಾಗಸಮುದ್ರ.
ಹೆಸರು ಕೇಳಿರಲಿಲ್ಲ. ನಾಗಸಮುದ್ರ ಕೇಳಿದ್ದೆ,
ನನ್ನ ಚಿಕ್ಕಮ್ಮನನ್ನು ಅಲ್ಲಿಗೇ ಕೊಟ್ಟಿದ್ದು.
“ಅವನ್ನೆಲ್ಲ ಯಾರು ಓದ್ತಾರೆ, ಅರ್ಧ ರೇಟಿಗೆ ಒಯ್ಯಿರಿ.”
ಒಯ್ದೆ.

ಬಸ್ಸಿನಲ್ಲಿ ಸೀಟಿಲ್ಲ. ಕಂಬಿಗೆ ಒರಗಿ ಬಿಚ್ಚಿದೆ.
ರೊಪ್ಪಕ್ಕೆ ಕತ್ತಲೆ ಬರುತ್ತದೆ, ಕುರಿ ಎಣಿಸುತ್ತದೆ,
ಪ್ರತಿ ಸಲ ಒಂದು ಕಡಿಮೆ.
ಕರಿ ಕುರಿಯ ಮೇಲೆ ತಾನೇ ಕೂತಿದೆ, ಪಾಪ, ಗೊತ್ತಿಲ್ಲ.
ತಳಕು ದಾಟುವಾಗ ಎರಡನೇ ಸಲ ಓದಿದೆ,
ಇಳಿಯುವ ಮುಂಚೆ ಮೂರನೇ ಸಲ.
ಕಂಡಕ್ಟರು ಇಣುಕಿ, “ಪುಟ ತುಂಬ ಬರೀ ಕಪ್ಪು,
ಪ್ರಿಂಟು ಕೆಟ್ಟೈತೆ ಮೇಡಂ, ವಾಪಸ್ ಕೊಡ್ರಿ” ಅಂದ.

ಶನಿವಾರ ಹುಡುಗರಿಗೆ ತೋರಿಸಿದೆ.
ಮೂರನೇ ಕ್ಲಾಸಿನ ಬನಶ್ರೀ ಪುಟಕ್ಕೆ ಮೂಗು ತಾಗಿಸಿ ನೋಡುವವಳು.
ಕಪ್ಪಿನ ಮೂಲೆಯಲ್ಲಿ ಬೆರಳಿಟ್ಟು ಕಿರುಚಿದಳು:
“ಮಿಸ್ಸೇ, ಇಲ್ಲೈತೆ ಕುರಿ!”
ಎರಡು ಚುಕ್ಕಿ. ಸಾಸಿವೆಗಿಂತ ಸಣ್ಣವು, ಬಿಳಿ.
ಮುಂದಿನ ಪುಟದಲ್ಲಿ ಇನ್ನೊಂದು ಕಡೆ.
ಅದರ ಮುಂದಿನದರಲ್ಲಿ ಒಂದೇ ಚುಕ್ಕಿ, ಕುರಿ ಕಣ್ಣು ಹೊಡೆದಿತ್ತು.
ಮೂರು ಸಲ ಓದಿದ ನನಗೆ
ಅಕ್ಷರ ಮಾತ್ರ ಕಂಡಿದ್ದವು.

“ಯಾರು ಮಾಡಿದ್ದು ಇದನ್ನ?”
“ಬೋರಕ್ಕ ಅಂತ.”
“ಅವರಲ್ಲ. ಕಣ್ಣು ಇಟ್ಟೋರು?”

ರಟ್ಟಿನಲ್ಲಿಲ್ಲ. ಒಳಗಿಲ್ಲ. ಕೊನೆಗೆ ಹಿಂಬದಿಯಲ್ಲಿ,
ಪ್ರೆಸ್ಸಿನ ವಿಳಾಸ, ಬೆಲೆ, ಎಲ್ಲದರ ಕೆಳಗೆ
ಇರುವೆ ಸಾಲಿನಂಥ ಅಕ್ಷರ.
ಅವಳೇ ಕೂಡಿಸಿ ಓದಿದಳು: ಚಿ-ತ್ರ, ಮು-ಬೀ-ನಾ, ಕೆ.
“ಕೆ ಅಂದ್ರೆ ಏನು?”
ಗೊತ್ತಿಲ್ಲ.
“ಎಲ್ಲಿದಾರೆ?”
ಗೊತ್ತಿಲ್ಲ ಕಣೇ.
ಪುಸ್ತಕವನ್ನು ಲಂಗದ ಜೇಬಿಗೆ ತುರುಕಿ ಹೋದವಳು
ವಾರವಾದರೂ ತರಲಿಲ್ಲ.

ಕೇಳೋಣವೆಂದು ಮನೆಗೆ ಹೋದೆ.
ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದ ಅವಳ ತಾತ ಏಕಾಂತಪ್ಪ,
ಲಾಳಿ ನಿಲ್ಲಿಸದೆ ಅಂದರು:
“ಆ ಕುರಿ ನನಗೂ ತೋರಿಸ್ತು ಕೂಸು.
ಬಾ, ನಾನೊಂದು ತೋರಿಸ್ತೀನಿ.”
ಸೆರಗಿನ ಗಿಳಿ. ಮೈಯೆಲ್ಲ ಜರಿ.
ಕಣ್ಣಲ್ಲಿ ಮಾತ್ರ ಒಂದೆಳೆ ಕೆಂಪು ರೇಷ್ಮೆ.
“ನಲವತ್ತು ವರ್ಷದಿಂದ ಹಾಕ್ತಿದೀನಿ.”
ಸಾಹುಕಾರರಿಗೆ ಗೊತ್ತೇ ಅಂದೆ.
“ಅವರು ತೂಕ ನೋಡ್ತಾರಮ್ಮ, ಗಿಳೀನ ಯಾಕೆ ನೋಡ್ತಾರೆ.”
ಬನಶ್ರೀ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಾ
ನನ್ನನ್ನೇ ನೋಡುತ್ತಿದ್ದಳು.

ಸಂಜೆ ದಾಖಲೆ ಪುಸ್ತಕ ತೆಗೆದೆ.
ಕ್ರಮ ಸಂಖ್ಯೆ, ಹೆಸರು, ಬರೆದವರು, ಬೆಲೆ.
ಸ್ಕೇಲು ಹಿಡಿದು ಬೆಲೆಯ ಮನೆ ಒತ್ತಿ
ಒಂದು ಗೆರೆ ಎಳೆದೆ. ಇಕ್ಕಟ್ಟಾಯಿತು,
ಆಡಿಟ್‌ನವರು ಏನಂತಾರೋ.
ತಲೆಬರಹಕ್ಕೆ ಅವಳ ಮಾತನ್ನೇ ಬರೆದೆ,
ಕೆಳಗೆ ಮುಬೀನಾ ಕೆ.,
ದಪ್ಪ ಅಕ್ಷರದಲ್ಲಿ, ಗೆರೆ ದಾಟಿದರೂ ಇರಲಿ ಅಂತ.

ಪುಸ್ತಕ ಮಾತ್ರ ಇನ್ನೂ ವಾಪಸ್ ಬಂದಿಲ್ಲ.