ಲಸ್ರಾದೊ ಅವರ ಪೆನ್ಸಿಲ್

ಹಂಪನಕಟ್ಟೆಯ ಹಳೇ ಪುಸ್ತಕದಂಗಡಿಯಲ್ಲಿ
ಎಂಬತ್ತು ರೂಪಾಯಿಗೆ ಸಿಕ್ಕಿತು ಈ ಚಿಟ್ಟೆ ಕೈಪಿಡಿ.
ರಟ್ಟಿಲ್ಲ. ಮೊದಲ ಪುಟದಲ್ಲೊಂದು ಸಹಿ:
ಬೆನೆಡಿಕ್ಟ ಲಸ್ರಾದೊ, ಬೋಳಾರ.

ಅಂಚಿನ ತುಂಬ ಅವರ ಪೆನ್ಸಿಲಿನ ಇರುವೆಸಾಲು.
ನಿಂಬೆಚಿಟ್ಟೆ: 'ನಮ್ಮ ಕರಿಬೇವು ಬೋಳು ಮಾಡಿತು.'
ಗುಲಾಬಿಚಿಟ್ಟೆ: 'ಮೈ ಕೆಂಪಿದೆಯಾ ನೋಡು,
ಕಪ್ಪಾದರೆ ಅದು ಸೋಗಿನ ಮಾರ್ಮನ್ ಹೆಣ್ಣು.
ಎರಡು ಸಲ ಮೋಸ ಹೋದೆ.'

ಪುಟ ನೂರ ಹನ್ನೆರಡು, ಸಂಜೆಗಂದು:
'ಫೆಬ್ರವರಿ. ಹಂಚಿನ ಕಾರ್ಖಾನೆ ಗೋಡೆ.
ಇದಲ್ಲ. ಚಿತ್ರಕ್ಕೆ ಕಣ್ಣುಗಳಿವೆ, ಇದಕ್ಕಿಲ್ಲ.'
ಕೆಳಗೆ, ಬೇರೆ ವರ್ಷ, ನಡುಗುವ ಕೈ:
'ಮತ್ತೆ ಅದೇ. ಯಾರಿದು?'

ಜುಲೈಯಲ್ಲಿ ನಾನೂ ಹೋದೆ.
ಕಾರ್ಖಾನೆ ಮುಚ್ಚಿ ಎಷ್ಟು ಕಾಲವಾಯಿತೋ,
ಒಡೆದ ಹಂಚಿನ ರಾಶಿಯ ಮೇಲೆ ಮೊಣಕಾಲೆತ್ತರ ಹುಲ್ಲು,
ನೇತ್ರಾವತಿ ಕಡೆಯಿಂದ ಮೀನುವಾಸನೆಯ ಗಾಳಿ.
ಆರೂ ಮುಕ್ಕಾಲಿಗೆ
ಹಂಚಿನ ಚೂರೊಂದು ಎದ್ದು ಹಾರಿ
ಇನ್ನೊಂದು ಚೂರಿನ ಮೇಲೆ ಕೂತಿತು.
ಟಾರ್ಚು ಹಿಡಿದರೆ ರೆಕ್ಕೆಯಡಿ ಉಂಗುರ ಉಂಗುರ ಕಣ್ಣು,
ಥೇಟ್ ಚಿತ್ರದ್ದೇ.

ಮಳೆಗೊಂದು ಅಂಗಿ ಅದಕ್ಕೆ, ಬೇಸಗೆಗೊಂದು, ಲಸ್ರಾದೊರೇ.
ಸೆಕೆ ಶುರುವಾದರೆ ಕಣ್ಣುಗಳನ್ನೆಲ್ಲ ಮಡಚಿಟ್ಟು
ತರಗೆಲೆಯಾಗಿಬಿಡುತ್ತದೆ.
ಚಿತ್ರ ಬಿಡಿಸಿದವನು ಮಳೆಗಾಲದಲ್ಲಿ ಕಂಡ,
ನೀವು ಬಿಸಿಲಲ್ಲಿ. ಅಷ್ಟೇ.

ಅಷ್ಟೇ ಎಂದು ಬರೆಯಲು ಜಾಗವಿತ್ತು, ಪೆನ್ಸಿಲೂ ಇತ್ತು.
ನಿಮ್ಮ 'ಯಾರಿದು' ಪಕ್ಕ ತಾರೀಖು ಮಾತ್ರ ಹಾಕಿದೆ.
ಹನಿ ಬಿದ್ದು ಪುಟ ಉಬ್ಬಿತು.

ಫೆಬ್ರವರಿಯಲ್ಲಿ ಇನ್ನೊಮ್ಮೆ ಬರಬೇಕು,
ಆ ಕಣ್ಣಿಲ್ಲದ್ದನ್ನು ನಾನಿನ್ನೂ ನೋಡಿಲ್ಲ.